ಮಾತು ನುಂಗಿದ ಮಾತ್ರೆ

ಸೀರೆ ಮಾರುವವಳಿಗೆ ಬಾಯಿಯೇ ಬಂಡವಾಳ. ಹಿಂದೂಪುರದ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಮಗ್ಗದವರ ಹತ್ತಿರ ಹೋಗಿ ಸೀರೆ ತರುವುದು ನಮ್ಮ ಯಜಮಾನರ ಕೆಲಸ, ಚಾಪೆಯ ಮೇಲೆ ಹರಡಿ ಗಿರಾಕಿಯನ್ನು ಒಪ್ಪಿಸುವುದು ನನ್ನದು. ಬಂದವರು ಕನ್ನಡದವರಾದರೆ ಕನ್ನಡ, ತೆಲುಗಿನವರಾದರೆ ತೆಲುಗು, ಎಷ್ಟೋ ಸಲ ಅರ್ಧ ಮಾತು ಇದರಲ್ಲಿ, ಅರ್ಧ ಅದರಲ್ಲಿ. ಸುಮ್ಮನೆ ನೋಡಿ ಹೋಗೋಣ ಅಂತ ಬಂದವರೂ ಕಟ್ಟಿಸಿಕೊಂಡೇ ಹೋಗುತ್ತಿದ್ದರು. ಜಂಬ ಅಂದರೆ ಅನ್ನಿ, ಹಾಗಿತ್ತು ನನ್ನ ಮಾತು.

ಒಂದು ಬೇಸಿಗೆಯಲ್ಲಿ ಎಡಪಕ್ಕೆಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದವು, ಉರಿ ಮಾತ್ರ ಉಳಿಯಿತು. ರವಿಕೆ ತಾಗಿದರೂ ಕೆಂಡ ಇಟ್ಟ ಹಾಗೆ. ಕಿರುಚಿಕೊಳ್ಳುತ್ತಿದ್ದೆ, ಸಿಕ್ಕಿದವರ ಮೇಲೆ ರೇಗುತ್ತಿದ್ದೆ. ಡಾಕ್ಟರು ನರಕ್ಕೆಂದು ಒಂದು ಮಾತ್ರೆ ಬರೆದರು. ನರ್ಸು ಪಕ್ಕದ ಕೋಣೆಯಲ್ಲಿ ನನ್ನ ಬಿಪಿ ನೋಡುತ್ತಿದ್ದಾಗ ಡಾಕ್ಟರ ಮುಂದೆ ಕೂತು ಎಲ್ಲ ಕೇಳಿಸಿಕೊಂಡವರು ಯಜಮಾನರು. "ಏನಂದ್ರು?" ಅಂದೆ. "ಏನೂ ಆಗಲ್ಲ, ತಗಾ," ಅಂದರು.

ಉರಿ ತಗ್ಗಿತು, ಸುಳ್ಳು ಹೇಳಬಾರದು. ಬಾಯಿ ಒಣಗುತ್ತಿತ್ತು, ನಡೆದರೆ ಕಾಲು ತೇಲುತ್ತಿತ್ತು, ಆದರೂ ನಿದ್ದೆ ಬಂತಲ್ಲ ಅಂತ ದೇವರಿಗೆ ಕೈ ಮುಗಿದೆ. ಊಟವಾದ ಮೇಲೆ ಅವರೇ ಮಾತ್ರೆ ಬಿಡಿಸಿ, ನೀರಿನ ಲೋಟ ಹಿಡಿದು ಬರುತ್ತಿದ್ದರು. ಪ್ರಸಾದಕ್ಕೆ ಒಡ್ಡುವ ಹಾಗೆ ಕೈ ಒಡ್ಡುತ್ತಿದ್ದೆ. ಮಾತ್ರೆ ಮುಗಿದರೆ, "ನೀನ್ಯಾಕೆ ಅಲ್ಲಿ ಕಾಯ್ತೀಯ, ನಾನೇ ಬರೆಸ್ಕೊಂಡು ಬತ್ತೀನಿ," ಅನ್ನುತ್ತಿದ್ದರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಅಂತ ಬೀದಿಯೆಲ್ಲ ಹೇಳಿಕೊಂಡು ಬಂದೆನಲ್ಲ, ನನ್ನ ಬುದ್ಧಿಗಿಷ್ಟು!

ಮಾತು ಹೋಗತೊಡಗಿದ್ದು ನನಗೇ ಗೊತ್ತಾಗಲಿಲ್ಲ. ಎರಡು ಭಾಷೆಯಲ್ಲಿ ಬದುಕುವ ಊರಿನಲ್ಲಿ ಹೇಗೆ ಗೊತ್ತಾಗಬೇಕು? ಜರಡಿ ಅನ್ನುವ ಮಾತು ಸಿಗದಿದ್ದರೆ ಜಲ್ಲೆಡ ಅಂತ ತೆಲುಗಿನದು ಬಾಯಿಗೆ ಬರುತ್ತಿತ್ತು. ಬಾಚಣಿಗೆ ಸಿಗದಿದ್ದರೆ ದುವ್ವೆನ. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಒಂದು ದಿನ ಪರಿಗಿಯಿಂದ ಬಂದ ತಾಯಿ ಮಗಳ ಮುಂದೆ ಮದುವೆ ಸೀರೆ ಹರಡಿ, ಜರಿಯ ಕೆಲಸ ತೋರಿಸಲು ಬಾಯಿ ತೆರೆದೆ. ಸೆರಗು ಅನ್ನಬೇಕು. ಬರಲಿಲ್ಲ. ತೆಲುಗಿನ ಕೊಂಗು ಅನ್ನೋಣವೆಂದರೆ ಅದೂ ಇಲ್ಲ. ಸೆರಗನ್ನೇ ಕೈಯಲ್ಲಿ ಹಿಡಿದುಕೊಂಡು, "ಇದು... ಇದು..." ಅಂತ ಕೂತುಬಿಟ್ಟೆ. ಹುಡುಗಿ ತಾಯಿಯ ಮುಖ ನೋಡಿದಳು.

ಅಂದಿನಿಂದ ಭಯ ಹತ್ತಿತು. ನಮ್ಮಮ್ಮನಿಗೆ ಕೊನೆಗಾಲದಲ್ಲಿ ಅರಳುಮರಳು. ಮೊದಲು ಪಾತ್ರೆಪಗಡದ ಹೆಸರು ಹೋದವು, ಆಮೇಲೆ ನಮ್ಮ ಹೆಸರು. ತಲೆ ಬಾಚುತ್ತಿದ್ದ ನನ್ನನ್ನೇ, "ಯಾರ ಮಗಳವ್ವ ನೀನು?" ಅಂತ ಕೇಳಿದ್ದಳು. ಯಜಮಾನರ ಮುಂದೆ ಅತ್ತೆ. "ನಾನೂ ಅಮ್ಮನಂಗೆ ಆಗ್ತಿದ್ದೀನಾ? ನಿಜ ಹೇಳಿ."

ಅವರು ನನ್ನ ಬೆನ್ನು ಸವರಿದರು. "ವಯಸ್ಸು ಕಣೆ. ನಿಮ್ಮಮ್ಮಂಗೂ ಹಿಂಗೇ ಅಲ್ವಾ ಶುರುವಾಗಿದ್ದು. ಏನ್ಮಾಡಕ್ಕಾಯ್ತದೆ, ನಾನಿದ್ದೀನಲ್ಲ."

ಮರುದಿನವೇ ಬೀರುವಿನ ಬೀಗದ ಕೈ ಅವರಿಗೆ ಕೊಟ್ಟೆ. ಗಿರಾಕಿ ಬಂದರೆ ಒಳಗಿದ್ದುಬಿಡುತ್ತಿದ್ದೆ. ಮುಂದಿನ ಕೋಣೆಯಲ್ಲಿ ಅವರು ತಪ್ಪು ತಪ್ಪಾಗಿ ಬಣ್ಣ ಹೇಳುವುದು ಕೇಳಿಸುತ್ತಿತ್ತು. ಮಕ್ಕಳ ಹೆಸರನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು, ಇನ್ನೂ ಇವೆ, ಇನ್ನೂ ಹೋಗಿಲ್ಲ, ಅಂದುಕೊಳ್ಳುತ್ತಿದ್ದೆ.

ಹಾಗಿರುವಾಗ ಕಲ್ಯಾಣದುರ್ಗಕ್ಕೆ ನಾದಿನಿಯನ್ನು ನೋಡಲು ಹೋದೆ. ಸಕ್ಕರೆ ಕಾಯಿಲೆಯಿಂದ ಅವಳಿಗೆ ಅಂಗಾಲು ಉರಿ. ಆ ಊರು ಸೇರಿದ ಮೇಲೆ ಅವಳ ಬಾಯಲ್ಲಿ ಅತ್ತಿಗೆ ಹೋಗಿ ವದಿನ ಆಗಿದ್ದೇನೆ. ನೆಲಕ್ಕೆ ಕಾಲೂರಲಾಗದೆ ಹಲ್ಲು ಕಚ್ಚುತ್ತಿದ್ದಳು. "ನಂಗೆ ಕೊಟ್ಟಿರೋ ಮಾತ್ರೆ ನೀನೂ ಕೇಳಬಾರ್ದಾ?" ಅಂದೆ.

"ಇಲ್ಲೀ ಡಾಕ್ಟ್ರೂ ಅದನ್ನೇ ಬರೆದವ್ರೆ ವದಿನಾ. ಅಣ್ಣಂಗೆ ಫೋನ್ ಮಾಡಿ ಕೇಳ್ದೆ. ಬ್ಯಾಡವೇ ಬ್ಯಾಡ ಅಂದ್ಬುಟ್ಟ. ನಿಮ್ಮತ್ತಿಗೆ ಮಾತೆಲ್ಲಾ ಆ ಮಾತ್ರೆನೇ ನುಂಗ್ಬುಟ್ಟೈತೆ, ನೀನು ಮಾತ್ರ ಮುಟ್ಟಬೇಡ ಅಂದ."

ಕೈಯಲ್ಲಿದ್ದ ಕಾಫಿ ಕೆಳಗಿಟ್ಟೆ. ನನ್ನ ಮುಖ ನೋಡಿ ಅವಳಿಗೆ ಗೊತ್ತಾಯಿತು. "ಅಯ್ಯಯ್ಯೋ, ನಿಂಗೆ ಹೇಳಿಲ್ವಾ?" ಅಂದಳು.

ತಂಗಿಗೆ ಮುಟ್ಟಬೇಡ, ನನಗೆ ಏನೂ ಆಗಲ್ಲ! ಪೆನುಕೊಂಡದಲ್ಲಿ ಬಸ್ಸು ಬದಲಿಸುವಾಗ ಅವರ ಫೋನು ಬಂತು. ಎಲ್ಲಿದ್ದೀಯ, ಊಟ ಮಾಡಿದೆಯಾ ಅಂತ ಕೇಳುತ್ತಿದ್ದರು. ಉತ್ತರಿಸದೆ ಫೋನು ಕಟ್ ಮಾಡಿದೆ.

ಹಿಂದೂಪುರದಲ್ಲಿ ಇಳಿದು ಮನೆಗೆ ಹೋಗದೆ ಡಾಕ್ಟರ ಹತ್ತಿರ ಹೋದೆ. "ಮಾತು ತಡವರಿಸಿದ್ರೆ ಬಂದು ಹೇಳಿ ಅಂತ ನಿಮ್ಮ ಯಜಮಾನ್ರಿಗೆ ಮೊದ್ಲೇ ಹೇಳಿದ್ನಲ್ಲಮ್ಮ," ಅಂದರು. ಕಾಯಿಲೆ ನನ್ನದು, ನುಂಗುವ ಬಾಯಿ ನನ್ನದು, ಹೇಳಿದ್ದು ಮಾತ್ರ ಅವರಿಗೆ! ಒಮ್ಮೆಗೇ ಬಿಡಬಾರದು, ಸ್ವಲ್ಪ ಸ್ವಲ್ಪವಾಗಿ ಇಳಿಸೋಣ ಅಂತ ಬರೆದುಕೊಟ್ಟರು.

ಮನೆಗೆ ಬಂದು ಕೇಳಿದಾಗ ಯಜಮಾನರು ಮೊದಲು ಏನೇನೋ ಗೊಣಗಿದರು. ಆಮೇಲೆ ಒಪ್ಪಿಕೊಂಡರು. "ಗೊತ್ತಾದ್ರೆ ನೀನು ಮಾತ್ರೆ ಬಿಡ್ತಿದ್ದೆ. ದಿನಾ ನಿನ್ನ ಕಿರುಚಾಟ ಕೇಳಿ ಕೇಳಿ ಸಾಕಾಗಿತ್ತು ಕಣೆ. ಮಾತು ಹೋದ್ರೂ ಮನೆಗೆ ನೆಮ್ಮದಿ ಬಂದಿತ್ತು."

"ಅಮ್ಮನ ಕಾಯಿಲೆನೇ ಅಂತ ಯಾಕೆ ನಂಬಿಸ್ದೆ ನೀನು?" ಅಂದೆ. ಮದುವೆಯಾದಾಗಿನಿಂದ ಅವರನ್ನು ಏಕವಚನದಲ್ಲಿ ಕರೆದವಳಲ್ಲ. ಅವರು ತಲೆ ತಗ್ಗಿಸಿದರು.

ಮಾತ್ರೆ ಇಳಿದಂತೆ ಉರಿ ಹಿಂದಿರುಗಿತು, ಮೊದಲಿನಷ್ಟಲ್ಲ, ಆದರೂ ಸಾಕಷ್ಟು. ಮಾತೂ ಬಂತು. ಬೀಗದ ಕೈ ವಾಪಸು ತೆಗೆದುಕೊಂಡು ಚಾಪೆಯ ಮೇಲೆ ಕೂತೆ. ಒಬ್ಬಾಕೆಗೆ ಸೀರೆ ಬಿಚ್ಚಿ, "ಸೆರಗು ನೋಡಮ್ಮ, ಸೆರಗು!" ಅಂದಾಗ ಮೂಲೆಯಲ್ಲಿ ಸೀರೆ ಮಡಿಸುತ್ತಿದ್ದ ಯಜಮಾನರು ತಲೆ ಎತ್ತಿ ನಕ್ಕರು. ನಿಜವಾಗಿಯೂ ಸಂತೋಷವಾಗಿತ್ತು ಅವರಿಗೆ. ನಾನು ಗಿರಾಕಿಯ ಕಡೆ ತಿರುಗಿದೆ.

ಈಗಲೂ ಒಮ್ಮೊಮ್ಮೆ ಯಾವುದೋ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಇನ್ನೂ ನುಂಗುತ್ತಿರುವ ಅರ್ಧ ಮಾತ್ರೆಯ ಕೆಲಸವೋ, ವಯಸ್ಸೋ, ಅಮ್ಮನ ಕಾಯಿಲೆಯೇ ಬಂತೋ ತಿಳಿಯುವುದಿಲ್ಲ. ನಾನು ದಿನವಿಡೀ ಆಡುವ ಮಾತನ್ನು ಕೇಳುವವರು, ಅದು ಕೆಡುತ್ತಿದೆಯೋ ಇಲ್ಲವೋ ಹೇಳಬಲ್ಲವರು, ಯಜಮಾನರೊಬ್ಬರೇ. ಎದುರಿಗೇ ಕೂತಿರುತ್ತಾರೆ. ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾಗುತ್ತೇನೆ. ಅವರು ನಿಜವನ್ನೇ ಹೇಳಿದರೂ ನಾನು ನಂಬುವುದಿಲ್ಲ.