ಬಸವ್ವನ ಹಿಟ್ಟು, ನಮ್ಮ ಅಂಗಡಿಯ ರೊಟ್ಟಿ ಪ್ರೆಸ್ಸು

ಲಾಕ್‌ಡೌನ್ ಮುಗಿದ ಮರುವರ್ಷ ನಾನು ಗೋವಾದ ವಾಸ್ಕೋದಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿ ಡೆಮೊ ಕೆಲಸಕ್ಕಿದ್ದೆ. ಡೆಮೊ ಎಂದರೆ ದಾರ ಎಳೆದು ತರಕಾರಿ ಹೆಚ್ಚುವ ಚಾಪರ್, ಕಾಯಿ ತುರಿಯುವ ಯಂತ್ರ, ರೊಟ್ಟಿ ಒತ್ತುವ ಪ್ರೆಸ್ಸು ಇಂಥವನ್ನು ಗಿರಾಕಿಗಳ ಮನೆಗೆ ಒಯ್ದು ನಡೆಸಿ ತೋರಿಸುವುದು. ಪ್ರೆಸ್ಸು ಬಹಳ ಸರಳ ಸಾಮಾನು. ಎರಡು ದುಂಡು ತಟ್ಟೆ, ಒಂದು ಹಿಡಿಕೆ. ನಡುವೆ ಹಿಟ್ಟಿನ ಉಂಡೆ ಇಟ್ಟು ಒತ್ತಿದರೆ ರೊಟ್ಟಿ ಹರಡುತ್ತದೆ.

ಒಂದು ಬೆಳಿಗ್ಗೆ ನಿಂಗವ್ವ ಎಂಬ ಹೆಂಗಸು ನಮ್ಮಲ್ಲಿ ಕೊಂಡ ಇಂಥ ಪ್ರೆಸ್ಸೊಂದನ್ನು ತಂದು ಕೌಂಟರ್ ಮೇಲೆ ಕುಕ್ಕಿದಳು. ಅವಳ ಬಲಗೈಗೆ ಪ್ಲಾಸ್ಟರ್ ಇತ್ತು. ಅವಳೂ ಅವಳ ಅತ್ತೆಯೂ ಮಂಗೋರ್ ಹಿಲ್‌ನ ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಸಾಂಕೋಲೆಯ ಕಾರ್ಮಿಕರ ಮೆಸ್ಸಿಗೆ ಕಳಿಸುತ್ತಿದ್ದರು. ಕೈ ಮುರಿದ ಮೇಲೆ ಬಡಿಯುವ ಕೆಲಸವೆಲ್ಲ ಅತ್ತೆಯ ಮೇಲೆ ಬಿತ್ತು. ಒಬ್ಬಳಿಂದ ಅಷ್ಟು ರೊಟ್ಟಿ ಆಗಲಿಲ್ಲ. ಅದಕ್ಕೇ ಪ್ರೆಸ್ಸು ಕೊಂಡಿದ್ದಳು.

“ಒಂದೂ ರೊಟ್ಟಿ ನೆಟ್ಟಗ ಬರವಲ್ದು, ಎಲ್ಲಾ ಬಿರೀತಾವ. ಇವತ್ತೂ ಒಡಕ ರೊಟ್ಟಿ ಹ್ವಾದ್ರ ಮೆಸ್ಸಿನಾಂವ ಬ್ಯಾರೇದವ್ರಿಗೆ ಹೇಳ್ತಾನಂತ. ನಮ್ಮ ಹೊಟ್ಟಿ ಮ್ಯಾಲೆ ಕಲ್ಲ ಹಾಕಾಕ ಮಾರಿದ್ರೇನು ಇದನ್ನ?”

ಹುಬ್ಬಳ್ಳಿ ಕಡೆಯವರಾದ ನಮ್ಮ ಮಾಲೀಕರು ಅವಳತ್ತ ನೋಡಲೂ ಇಲ್ಲ. “ಹೋಗಿ ಸರಿ ಮಾಡು. ಆಗಲಿಲ್ಲಂದ್ರ ನೀನೂ ಅಲ್ಲೇ ರೊಟ್ಟಿ ಬಡಕೋತ ಕುಂಡ್ರು,” ಎಂದು ನನ್ನನ್ನು ಅಟ್ಟಿದರು.

ಮನೆಯಲ್ಲಿ ಅತ್ತೆ ಬಸವ್ವ ಹಿಟ್ಟು ನಾದುವ ಪರಾತದ ಮುಂದೆ ಕುಳಿತಿದ್ದಳು. “ಬಂದ ನೋಡವ್ವಾ ತಗಡ ಮಾರಾಂವ! ಗಂಡಸಿನ ಕಡಿಂದ ರೊಟ್ಟಿ ಕಲಿಯೂ ಗತಿ ಬಂತು ನಮ್ಮನಿಗೆ.”

ಅವಳು ಕಟ್ಟಿಟ್ಟ ಉಂಡೆಯನ್ನೇ ಇಟ್ಟು ಒತ್ತಿದೆ. ಅಂಚೆಲ್ಲ ಬಿರಿಯಿತು. ಇನ್ನೊಂದು ಒತ್ತಿದೆ, ಅದೂ ಬಿರಿಯಿತು. ಬಸವ್ವ ಕಿಸಕ್ಕೆಂದು ನಕ್ಕಳು. ನಾನು ಪರಾತಕ್ಕೆ ಕೈ ಹಾಕಿದೆ. ಹಿಟ್ಟು ತಣ್ಣಗೆ, ಮರಳಿನ ಹಾಗಿತ್ತು. ಗೋಧಿಯಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ, ಜೋಳದಲ್ಲಿ ಇಲ್ಲ. ಎಸರು, ಅಂದರೆ ಕುದಿಯುವ ನೀರು, ಹಾಕಿ ನಾದಿದರೆ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು.

“ಎಸರ ಹಾಕಿದ ಹಿಟ್ಟೇನ್ರಿ ಇದು?”

“ಮತ್ತ? ನಾ ನೀರ ತರಾಕ ಹ್ವಾದಾಗ ನಮ್ಮತ್ತಿ ಕಲಸಿಡ್ತಾರ,” ಎಂದ ನಿಂಗವ್ವ ಎಡಗೈಯಿಂದ ಹಿಟ್ಟು ಮುಟ್ಟಿ ಅತ್ತೆಯತ್ತ ತಿರುಗಿದಳು. ಉಂಡೆ ಕಟ್ಟುವವಳೂ ಅತ್ತೆಯೇ ಆದ್ದರಿಂದ ನಿಂಗವ್ವ ಈವರೆಗೆ ಬರೀ ಹಿಡಿಕೆ ಒತ್ತಿದ್ದಳು. “ಅತ್ತಿ, ತಣ್ಣೀರ ಹಾಕೀರೇನು?”

“ಹಾಕೇನಿ. ಏನೀಗ?”

“ಬೇಕಂತ?”

“ಹೂಂ, ಬೇಕಂತ! ಈ ತಗಡ ರೊಟ್ಟಿ ಮಾಡಿದ್ರ ನಾಳಿ ನನ್ನ ಮೂಲ್ಯಾಗ ಕುಂಡ್ರಸ್ತಿ. ಮುದುಕಿಗೆ ಎರಡ ತುತ್ತ ಹಾಕು, ಸುಮ್ನ ಬಿದ್ದಿರ್ಲಿ ಅಂತಿ.”

“ಮೆಸ್ಸಿನ ರೊಟ್ಟಿ ಕೈ ಬಿಟ್ರ ಇಬ್ರೂ ಕೂಡೇ ಕುಂಡ್ರೂನು ಮೂಲ್ಯಾಗ!”

ನಾನು ಒಲೆ ಹಚ್ಚಲು ಹೋದರೆ ಬಸವ್ವ, “ನನ್ನ ಒಲಿ ಮುಟ್ಟಿದ್ರ ಕೈ ಸುಡ್ತೇನಿ ನೋಡು!” ಎಂದು ಗದರಿದಳು. ನಿಂಗವ್ವ ಒಂದೇ ಕೈಯಲ್ಲಿ ಎಸರಿಟ್ಟಳು. ಅದನ್ನು ಬೇರೆ ಒಣ ಹಿಟ್ಟಿಗೆ ಸುರಿದು ನಾನೇ ನಾದಿದೆ. ಈ ಸಲ ಒತ್ತಿದ ರೊಟ್ಟಿ ಬಿರಿಯಲಿಲ್ಲ. ಆದರೆ ಪ್ರೆಸ್ಸು ತೆಳ್ಳಗೆ ಮಾಡುವುದು ಅಷ್ಟಕ್ಕಷ್ಟೇ, ದಪ್ಪಗಿತ್ತು.

ಬಸವ್ವ ಅದನ್ನು ಎತ್ತಿ ನೋಡಿದಳು. “ಇದು ರೊಟ್ಟಿಯೋ, ನೆಲಕ್ಕ ಹಾಕೂ ಟೈಲ್ಸೋ? ಇದನ್ನ ಬಸವ್ವನ ರೊಟ್ಟಿ ಅಂತ ಕಳಸ್ತೀ? ಮಾನಗೇಡಿ, ಸರಿ ಆಕಡೆ!” ಸೊಸೆಯನ್ನು ತಳ್ಳಿ ಕುಳಿತು, ಹಿಟ್ಟು ಉದುರಿಸಿ ಪಟಪಟ ಬಡಿದಳು. ಒತ್ತಿದ ರೊಟ್ಟಿ ಆದ್ದರಿಂದ ನಾಲ್ಕಾರು ಏಟಿಗೇ ತೆಳ್ಳಗಾಯಿತು. ಅವಳ ಕೈ ಒಂದು ಕ್ಷಣ ನಿಂತಿತು. “ಮುಂದಿಂದ ಕೊಡು, ಏನ್ ಮಾರಿ ನೋಡ್ತಿ?” ಎಂದಳು.

ನಿಂಗವ್ವ ಒತ್ತಿದಳು, ಅತ್ತೆ ಬಡಿದಳು, ನಾನು ಬೇಯಿಸಿದೆ. ಮಧ್ಯಾಹ್ನ ಮೆಸ್ಸಿನವನು ಬಂದು ಒಂದು ರೊಟ್ಟಿ ಮುರಿದು ನೋಡಿದ. “ಇದು ಖರೇ ರೊಟ್ಟಿ. ನಾಳೆನೂ ಇಷ್ಟ ಇರ್ಲಿ,” ಎಂದು ಬುಟ್ಟಿ ಏರಿಸಿಕೊಂಡು ಹೋದ.

ನಾನು ಚಪ್ಪಲಿ ಹಾಕಿಕೊಳ್ಳುವಾಗ ಬಸವ್ವ ಒಳಗಿನಿಂದಲೇ ಕೂಗಿದಳು: “ಇನ್ನೊಮ್ಮಿ ಈ ಹೊಸ್ತಲಾ ದಾಟಿದ್ರ ಹಂಚ ತಗೊಂಡ ಹೊಡಿತೇನಿ!”

ಯಂತ್ರ ಎಷ್ಟು ಹೊತ್ತು ಉಳಿಸುತ್ತದೆ ಎಂದು ಹೇಳಲು ನಮಗೆ ಕಲಿಸಿದ್ದರು. ಆ ಕೆಲಸ ಈಗ ಯಾರದು ಎಂದು ಕೇಳಲು ಯಾರೂ ಕಲಿಸಿರಲಿಲ್ಲ. ಅಂದಿನಿಂದ ಯಾವ ಮನೆಯಲ್ಲಿ ಡಬ್ಬಿ ಬಿಚ್ಚಿದರೂ ಮೊದಲು ಅದನ್ನೇ ಕೇಳುತ್ತೇನೆ, ಹಿಡಿಕೆಯನ್ನು ಅವರ ಕೈಗೇ ಕೊಡುತ್ತೇನೆ. ಬೈಗುಳ ಈಗಲೂ ಬೀಳುತ್ತವೆ. ಹಿಟ್ಟಿನೊಳಗೆ ತಣ್ಣೀರಾಗಿ ಅಲ್ಲ, ಮುಖದ ಮೇಲೇ ಬೀಳುತ್ತವೆ, ಅಷ್ಟು ಸಾಕು.