ದೋಣಿ ಮಲಗೇದ್ರಿ

1977ರ ಬೇಸಿಗೆಯಲ್ಲಿ ನಾನು ದೇವದುರ್ಗದಲ್ಲಿ ಜೂನಿಯರ್ ಎಂಜಿನಿಯರ್. ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಹುಟ್ಟಿ ಬೆಳೆದದ್ದು ಮೈಸೂರು ಕಡೆ, ಹಾಗಾಗಿ ಕನ್ನಡ ನನಗೇ ಚೆನ್ನಾಗಿ ಬರುತ್ತದೆ ಎಂಬ ಜಂಬ ಬೇರೆ. ರಸ್ತೆ, ಮೋರಿಗಳ ಜೊತೆಗೆ ಕೃಷ್ಣಾ ನದಿಯ ದೋಣಿಗಳನ್ನು ಪರೀಕ್ಷಿಸಿ ಫಿಟ್‌ನೆಸ್ ಸರ್ಟಿಫಿಕೇಟ್ ಕೊಡುವುದೂ ನನ್ನ ಪಾಲಿಗೆ ಬಂದಿತ್ತು. ಆ ಕಾಗದವಿಲ್ಲದೆ ಮಳೆಗಾಲದಲ್ಲಿ ಯಾರೂ ಜನರನ್ನು ದಾಟಿಸುವಂತಿರಲಿಲ್ಲ.

ಏಪ್ರಿಲ್‌ನಲ್ಲಿ ನದಿ ದಂಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿನ ಅಂಬಿಗರ ತಿಮ್ಮಪ್ಪನವರ ಮನೆತನದಲ್ಲಿ ಒಂದು ಹಾಯಿದೋಣಿ ಇತ್ತು. ಅವರ ಅಜ್ಜ ಕಟ್ಟಿಸಿದ್ದು, ತೇಗದ್ದು, ಇಪ್ಪತ್ತಾರು ಅಡಿ ಉದ್ದ. ಬಿಸಿಲು ನೆತ್ತಿ ಸುಡುತ್ತಿತ್ತು, ವಾಪಸು ಬರಲು ಇದ್ದದ್ದು ಒಂದೇ ಬಸ್ಸು. ಬೇವಿನ ಮರದ ಕೆಳಗೆ ಕೂತಲ್ಲಿಂದಲೇ ದೋಣಿ ಎಲ್ಲಿ ಎಂದು ಕೇಳಿದೆ.

“ಮಲಗೇದ್ರಿ,” ಅಂದರು ತಿಮ್ಮಪ್ಪ.

ನಮ್ಮ ಕಡೆ ಪಂಪು ಕೆಟ್ಟರೂ ಮಲಗಿತು, ವ್ಯಾಪಾರ ಕೆಟ್ಟರೂ ಮಲಗಿತು ಅನ್ನುತ್ತಾರೆ. ಅಯ್ಯೋ ಪಾಪ ಎಂದುಕೊಂಡೆ. ಎದ್ದು ನೂರು ಹೆಜ್ಜೆ ನಡೆದು ನೋಡಲಿಲ್ಲ. ‘ದೋಣಿ ಶಿಥಿಲ, ಬಳಕೆಗೆ ಅಯೋಗ್ಯ’ ಎಂದು ಬರೆದೆ, ಅವರೇ ಕೊಟ್ಟ ಮಜ್ಜಿಗೆ ಕುಡಿದೆ, ಬಸ್ಸು ಹಿಡಿದೆ.

ಮೂರು ವಾರ ಕಳೆದು ತಿಮ್ಮಪ್ಪ ಕಚೇರಿಗೆ ಬಂದರು. ಪರವಾನಗಿ ರದ್ದಾದ ನೋಟಿಸನ್ನು ಊರಿನ ಮಾಸ್ತರರಿಂದ ಓದಿಸಿಕೊಂಡಿದ್ದರು. ಕೂಗಾಡಲಿಲ್ಲ. ಕಾಗದವನ್ನು ನನ್ನ ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದರು.

“ಮಲಗೇದ ಅಂದಿದ್ದೆನ್ರಿ ಸಾಹೇಬ್ರ. ಸತ್ತದ ಅಂದಿದ್ದಿಲ್ಲ.”

ಬೇಸಿಗೆಯಲ್ಲಿ ನದಿ ಬತ್ತಿ ಜನ ನಡೆದೇ ದಾಟುತ್ತಾರೆ. ಆಗ ದೋಣಿಯನ್ನು ದಂಡೆಯ ಮೇಲೆ ಬಿಟ್ಟರೆ ಹಲಗೆ ಒಣಗಿ ಬಿರಿಯುತ್ತದೆ. ಅದಕ್ಕೇ ಕಲ್ಲು ತುಂಬಿ ಆಳದ ಮಡುವಿನಲ್ಲಿ ಮುಳುಗಿಸಿ ಇಡುತ್ತಾರೆ. ಮುಳುಗಿತು ಎನ್ನುವ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಿಂದ ಆಡುವುದಿಲ್ಲ. ಮಲಗೇದ ಅನ್ನುತ್ತಾರೆ, ಅಷ್ಟೆ.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮರುದಿನವೇ ರಾಯಚೂರಿಗೆ ಹೋಗಿ ಮೇಲಧಿಕಾರಿಗಳ ಮುಂದೆ ತಪ್ಪು ಒಪ್ಪಿಕೊಂಡೆ. ಸರಿಯಾಗಿ ಉಗಿಸಿಕೊಂಡೆ ಕೂಡ. ಮಳೆಗಾಲದ ಹೊಸ ನೀರು ಬರುವುದರೊಳಗೆ ದೋಣಿ ಭಾರ ಪರೀಕ್ಷೆಯಲ್ಲಿ ಪಾಸಾಗಬೇಕು, ಇಲ್ಲವಾದರೆ ಕಡವು, ಅಂದರೆ ಅಲ್ಲಿ ಜನರನ್ನು ದಾಟಿಸುವ ಹಕ್ಕು, ಬೇರೆಯವರಿಗೆ ಎಂದರು. ಮೂರು ತಲೆಮಾರಿನ ಅನ್ನ ನನ್ನ ಒಂದು ಸಾಲಿನಿಂದ ಹೋಗುವುದರಲ್ಲಿತ್ತು.

ಮಡುವಿನ ದಂಡೆಯ ಮೇಲೆ ನಿಂತ ಆ ಬೆಳಗು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನೀರು ತಿಳಿಯಾಗಿತ್ತು. ಕೆಳಗೆ, ಹಸಿರು ಬೆಳಕಿನಲ್ಲಿ, ದೋಣಿ ಒಂದು ಮಗ್ಗುಲಿಗೆ ತುಸು ವಾಲಿ ನಿಜಕ್ಕೂ ನಿದ್ದೆ ಹೋದಂತಿತ್ತು. ಸಣ್ಣ ಮೀನುಗಳು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ತಿಮ್ಮಪ್ಪ ಮತ್ತು ಅವರ ತಮ್ಮಂದಿರು ಮುಳುಗು ಹಾಕಿ ಒಂದೊಂದೇ ಕಲ್ಲು ತೆಗೆದರು. ಕೊನೆಯ ನಾಲ್ಕೈದು ಕಲ್ಲು ಇರುವಾಗಲೇ ಅದು ತಾನಾಗಿ ಮೆಲ್ಲಗೆ ಮೇಲೆದ್ದು ಬಂತು.

ಬಿಸಿಲಿಗೆ ಇಡೋಣವೇ ಎಂದು ಕೇಳಿ ಎಲ್ಲರನ್ನೂ ನಗಿಸಿದೆ. ಮರದ ನೆರಳಲ್ಲಿ, ಹಸಿ ಗೋಣಿಚೀಲ ಹೊದಿಸಿ ಹದವಾಗಿ ಆರಿಸಿದರು. ಮೆತ್ತಗಾಗಿದ್ದ ಎರಡು ಹಲಗೆ ಬದಲಾಯಿಸಿದರು. ಸಂದುಗಳಿಗೆ ಪುಂಡಿ ನಾರು ಜಡಿದು, ಅಗಸಿ ಎಣ್ಣೆಯಲ್ಲಿ ಕುದಿಸಿದ ರಾಳ ಬಳಿದರು. ಆ ವಾಸನೆಗೆ ನನಗೆ ಕೂತಲ್ಲೇ ತೂಕಡಿಕೆ ಬರುತ್ತಿತ್ತು. ಹಾಯಿ ಮಾತ್ರ ತಿಮ್ಮಪ್ಪನವರ ಹೆಂಡತಿ ಹುಲಿಗೆಮ್ಮನವರ ಕೆಲಸ. ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿಯುವ ಹೊಲಿಗೆಯಲ್ಲೇ ಅದಕ್ಕೆ ತೇಪೆ ಹಾಕುತ್ತಿದ್ದರು. ಇದು ಅತ್ತೆಯ ಸೀರೆ, ಇದು ಅತ್ತೆಯ ಅತ್ತೆಯದು ಎಂದು ಒಂದೊಂದು ತುಂಡನ್ನೂ ಮುಟ್ಟಿ ತೋರಿಸಿದರು.

ಹನ್ನೆರಡನೆಯ ದಿನ ಪರೀಕ್ಷೆ. ಇಪ್ಪತ್ತು ಜನರ ತೂಕದಷ್ಟು ಮರಳು ಚೀಲ ತುಂಬಿ, ಒಂದು ತಾಸು ತೇಲಿಸಿ, ಒಳಗೆ ಎಷ್ಟು ನೀರು ಬಂತೆಂದು ಅಳೆಯಬೇಕು. ಚೀಲಗಳ ನಡುವೆ ನಾನೂ ಹತ್ತಿ ಕೂತೆ. ಈಜು ಬರುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ಪಶ್ಚಿಮದ ಗಾಳಿಗೆ ಆ ಬಣ್ಣಬಣ್ಣದ ಹಾಯಿ ಉಬ್ಬಿತು, ದೋಣಿ ಸದ್ದಿಲ್ಲದೆ ಮಡುವಿನ ನಡುವಿಗೆ ಹೋಯಿತು. ತಾಸು ಕಳೆದದ್ದೇ ತಿಳಿಯಲಿಲ್ಲ. ಸ್ಕೇಲು ಅದ್ದಿ ನೋಡಿದರೆ ನೀರು ಅರ್ಧ ಇಂಚೂ ಇರಲಿಲ್ಲ. ಹಳೆಯ ವರದಿಯ ಕೆಳಗೆ ‘ಮೇಲಿನದು ನನ್ನ ತಪ್ಪು, ದೋಣಿ ಯೋಗ್ಯ’ ಎಂದು ಅಲ್ಲೇ ಬರೆದು ಸಹಿ ಮಾಡಿದೆ. ಎಂಟು ದಿನಕ್ಕೆ ಹೊಸ ನೀರು ಬಂತು.

1985ರಲ್ಲಿ ನಾನು ಮಾನ್ವಿಯಲ್ಲಿದ್ದೆ. ಏನೋ ಕೆಲಸಕ್ಕೆ ದೇವದುರ್ಗಕ್ಕೆ ಬಂದವನು ಮನಸ್ಸು ತಡೆಯದೆ ಆ ಹಳ್ಳಿಗೆ ಹೋದೆ. ಮಧ್ಯಾಹ್ನದ ಬಿಸಿಲು. ಹುಲಿಗೆಮ್ಮ ಒಬ್ಬರೇ ಅಂಗಳದಲ್ಲಿ ಹಾಯಿ ಹರಡಿಕೊಂಡು ತೇಪೆ ಹಾಕುತ್ತಿದ್ದರು. ತಿಮ್ಮಪ್ಪ ಎಲ್ಲಿ ಎಂದೆ. ಸೂಜಿಯಿಂದ ಕಣ್ಣೆತ್ತದೆ ಹೇಳಿದರು.

“ಮಲಗ್ಯಾರ್ರಿ.”

ಹೋಗಿಬಿಟ್ಟರೇ ಎಂದುಕೊಂಡೆ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಕಣ್ಣು ತುಂಬುವಷ್ಟರಲ್ಲಿ ಹಳೆಯ ನೋಟಿಸು ನೆನಪಾಯಿತು. ನನ್ನ ಇಡೀ ನೌಕರಿ ಕಲಿಸಿದ್ದು ಇದೊಂದೇ: ಅರ್ಥವಾಯಿತು ಅನ್ನಿಸಿದ ಮಾತನ್ನೇ ಇನ್ನೊಮ್ಮೆ ಕೇಳಬೇಕು.

“ಮಲಗ್ಯಾರ ಅಂದ್ರ ಏನವ್ವಾ?”

ಆಕೆ ನನ್ನ ಮುಖವನ್ನೇ ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

“ಉಂಡು ನಿದ್ದಿ ಹೊಡ್ಯಾಕತ್ತಾರ್ರಿ ಸಾಹೇಬ್ರ. ಎಬ್ಬಸ್ಲೇನ್ರಿ?”

ಬೇಡ ಎಂದೆ. ವಾಪಸು ಬರಲು ಆಗಲೂ ಒಂದೇ ಬಸ್ಸು. ಅದು ಹಾರ್ನ್ ಹಾಕುತ್ತಾ ಹೋದದ್ದು ಕೇಳಿಸಿತು. ನಾನು ಅದೇ ಬೇವಿನ ಮರದ ಕೆಳಗೆ, ಅವರು ಏಳುವವರೆಗೂ ಕೂತಿದ್ದೆ.