ಸಣ್ಣಗೆ ಟಿಕ್ ಅನ್ನಬೇಕು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಒಂದು ಮೋಟರ್‌ಸೈಕಲ್ಲಿಗೆ ಮರುಜನ್ಮ ಆಯಿತು.

ವರ್ಷಗಟ್ಟಲೆ ಮೆಟ್ಟಿಲ ಕೆಳಗೆ ತಾಡಪತ್ರಿ ಹೊದ್ದು ಮಲಗಿದ್ದ ಗಾಡಿ. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅಪ್ಪ ರಿಟೈರ್ ಆದಮೇಲೆ ಅದರ ಎಂಜಿನ್ನನ್ನು ನಟ್ಟು ನಟ್ಟು ಬಿಚ್ಚಿ, ಹಳೆ ಪೇಪರಿನ ಮೇಲೆ ಹರವಿ, ಸೀಮೆಎಣ್ಣೆಯಲ್ಲಿ ತೊಳೆದು, ಮತ್ತೆ ಜೋಡಿಸಿದ್ದರು. (ಮಳೆಗಾಲವಿಡೀ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ.) ಅವ್ವ ಹೆಡ್‌ಲೈಟಿಗೆ ಕುಂಕುಮ ಹಚ್ಚಿದಳು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಅಪ್ಪ ಕಿಕ್ ಹೊಡೆದರು. ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಎದ್ದಿತು.

ಆಮೇಲೆ ಕೇಳಿಸಿದ್ದನ್ನು ಹೇಗೆ ಹೇಳಲಿ? ಸ್ಟೀಲ್ ಡಬ್ಬಿಯಲ್ಲಿ ಕಲ್ಲು ಹಾಕಿ ಯಾರೋ ಸಿಟ್ಟಿನಿಂದ ಅಲ್ಲಾಡಿಸಿದ ಹಾಗೆ. ಖಟಖಟಖಟ. ಎದುರುಮನೆಯ ಕಿಟಕಿ ತೆರೆಯಿತು. ಪಕ್ಕದಮನೆಯ ಜಾಧವ ಕಾಕಾ ಚಹಾದ ಕಪ್ಪು ಹಿಡಿದುಕೊಂಡೇ ಓಡಿಬಂದರು.

ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ಮುಖದಲ್ಲಿ ಎಂಥಾ ಸುಖ!

"ಕೇಳವಾ, ಹೆಂಗ ಹಾಡ್ತದ ನೋಡು," ಅಂದರು.

ನಾನು ಕಾಕಾನ ಮುಖ ನೋಡಿದೆ. ಕಾಕಾ ಕಪ್ಪಿನೊಳಗೆ ನೋಡಿದರು.

ಅಪ್ಪನ ಕಿವಿ ಎಂದರೆ ನಮ್ಮ ಹಡಪಸರದ ಗಲ್ಲಿಯಲ್ಲಿ ದೊಡ್ಡ ಹೆಸರು. ಇಲ್ಲಿಯ ಮರಾಠಿಯವರಿಗೆ ಕನ್ನಡದವರೆಲ್ಲ 'ಅಣ್ಣಾ'. ಆದರೆ ಗಾಡಿಗೆ ಏನೋ ಆಗಿದೆ, 'ಅಣ್ಣಾನ ಹತ್ತಿರ ಹೋಗು' ಅಂದರೆ ಅದು ನಮ್ಮಪ್ಪ ಒಬ್ಬರೇ. ಭಾನುವಾರ ಬಂತೆಂದರೆ ಬಾಗಿಲಲ್ಲಿ ಗಾಡಿಗಳ ಸಾಲು. ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಡಾಕ್ಟರ ಹಾಗೆ ಅಪ್ಪ ಕೇಳುತ್ತಿದ್ದರು. ಇದು ಚೈನು, ಇದು ಪಿಸ್ಟನ್, ಇದು ನಿನ್ನ ಭ್ರಮೆ. ದುಡ್ಡು ಮುಟ್ಟುತ್ತಿರಲಿಲ್ಲ. ಚಹಾ ಕುಡಿದವರು ನಮಸ್ಕಾರ ಹೇಳಿ ಹೋಗುತ್ತಿದ್ದರು.

ಅಂಥ ಕಿವಿಗೆ ಈ ಖಟಖಟ ಹಾಡಾಗಿ ಕೇಳಿಸುತ್ತಿದೆಯೇ?

ಅಪ್ಪ ಊಟ ಮಾಡಿ ಮಲಗಿದರು. ನಾನೂ ಕಾಕಾನೂ ಗಾಡಿಯ ಮುಂದೆ ಕೂತೆವು. ಕಾಕಾ ದೌಂಡದಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಎಲ್ಲ ಯಂತ್ರದ ಬಗ್ಗೆಯೂ ಅವರಿಗೊಂದು ಅಭಿಪ್ರಾಯ ಇದೆ. ಸೈಲೆನ್ಸರ್ ಸಡಿಲ ಅಂದರು. ಬಿಗಿ ಮಾಡಿದೆ, ಸದ್ದು ಹಾಗೇ ಇತ್ತು. ಚೈನು ಅಂದರು. ನ್ಯೂಟ್ರಲ್‌ನಲ್ಲಿ ಚೈನು ತಿರುಗುವುದೇ ಇಲ್ಲ ಕಾಕಾ, ಅಂದೆ. "ಹಂಗಾದ್ರೆ ಪಿಸ್ಟನ್," ಅಂದರು, ಸೋಲೊಪ್ಪದೆ. (ಕಾಕಾ ಮಾತಾಡಿದ್ದು ಮರಾಠಿಯಲ್ಲಿ, ಕನ್ನಡ ಮಾಡಿದ್ದು ನಾನು.)

ಕೊನೆಗೆ ಅಪ್ಪ ಕಲಿಸಿದಂತೆ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ಎಂಜಿನ್ನಿನ ಮೈಯೆಲ್ಲ ಮುಟ್ಟಿ ನೋಡಿದೆ. ಕೆಳಗೆ ಶಾಂತ. ನಡುವೆ ಶಾಂತ. ಟ್ಯಾಪೆಟ್ ಮುಚ್ಚಳದ ಮೇಲೆ ಇಟ್ಟೆ ನೋಡಿ, ಕಿವಿಗೆ ಸುತ್ತಿಗೆಯಿಂದ ಹೊಡೆದಂತಾಯಿತು.

ಗಾಡಿ ತಣ್ಣಗಾದ ಮೇಲೆ ಮುಚ್ಚಳ ತೆಗೆದೆ. ವಾಲ್ವನ್ನು ಎತ್ತಿ ಇಳಿಸುವ ಟ್ಯಾಪೆಟ್ಟಿಗೆ ಕೂದಲೆಳೆಯಷ್ಟು ಸಡಿಲ ಇರಬೇಕು. ಇಲ್ಲಿ ಬೆರಳಲ್ಲಿ ಹಿಡಿದರೆ ಗಡಗಡ ಅಲ್ಲಾಡುತ್ತಿತ್ತು.

ಅಪ್ಪ ಇದನ್ನು ಅಳತೆಪಟ್ಟಿ ಇಟ್ಟು ನೋಡುವವರಲ್ಲ. ಕಿವಿಯಿಂದಲೇ ಸೆಟ್ ಮಾಡುವವರು. ಅವರ ನಿಯಮ ನನಗೆ ಬಾಯಿಪಾಠ: "ಟ್ಯಾಪೆಟ್ ಮೂಗ ಆಗಬಾರದು, ಸದ್ದಿಲ್ಲದಂಗ ಬಿಗಿದ್ರ ವಾಲ್ವ್ ಸುಡ್ತದ. ಸಣ್ಣಗ ಟಿಕ್ ಅನ್ನಬೇಕು. ಟಿಕ್ ಕೇಳಿಸೋತನಾ ಸಡಿಲ ಮಾಡು, ಕೇಳಿಸಿದ ಕೂಡ್ಲೆ ನಿಲ್ಲಸು."

ನಟ್ಟು ತಿರುಗಿಸುವ ಪಾನಾ ನನ್ನ ಕೈಯಲ್ಲೇ ಉಳಿಯಿತು. ಅಪ್ಪ ತಪ್ಪು ಮಾಡಿರಲಿಲ್ಲ. ನಿಯಮದ ಪ್ರಕಾರವೇ ಮಾಡಿದ್ದರು. ಸಡಿಲ ಮಾಡಿದ್ದಾರೆ, ಕೇಳಿಸಿಲ್ಲ. ಇನ್ನಷ್ಟು ಮಾಡಿದ್ದಾರೆ, ಇಲ್ಲ. ಮತ್ತಷ್ಟು. ಇಡೀ ಗಲ್ಲಿಗೆ ಖಟಖಟ ಅನ್ನುವಷ್ಟು ಆದಮೇಲೆ ಅವರಿಗೆ ಸಣ್ಣಗೆ ಟಿಕ್ ಅಂದಿದೆ. ನಿಲ್ಲಿಸಿದ್ದಾರೆ.

ನಾನು ಟ್ಯಾಪೆಟ್ ಸರಿ ಮಾಡಿ ಕಿಕ್ ಹೊಡೆದೆ. ಈಗ ಗಾಡಿ ನಿಜಕ್ಕೂ ಹಾಡುತ್ತಿತ್ತು. ಅಷ್ಟರಲ್ಲಿ ನಿದ್ದೆ ಮುಗಿಸಿ ಅಪ್ಪ ಹೊರಗೆ ಬಂದರು. ನಿಂತು ಕೇಳಿದರು. ಮುಖ ಇಳಿಯಿತು.

"ಯಾರು ಮುಟ್ಟಿದ್ರು ಇದನ್ನ? ಮೂಗ ಮಾಡಿಟ್ಟೀರಿ. ವಾಲ್ವ್ ಸುಟ್ಟು ಹೋಗ್ತದ!"

"ಅಣ್ಣಾ, ಟಿಕ್ ಅಂತಿದೆಯಲ್ಲ," ಅಂದರು ಕಾಕಾ.

ಅಪ್ಪ ಕಾಕಾನ ತುಟಿ ನೋಡಿದರು. ಆಮೇಲೆ ನನ್ನ ತುಟಿ. ಎಷ್ಟು ದಿನದಿಂದ ಹೀಗೆ ನಮ್ಮ ತುಟಿ ನೋಡುತ್ತಿದ್ದರೋ!

"ನಿನಗ ಕೇಳಸ್ತದೇನವಾ?"

ಬಾಗಿಲಲ್ಲಿ ನಿಂತಿದ್ದ ಅವ್ವ, ಏನೂ ಅರಿಯದೆ, "ನನಗ ಇಲ್ಲೀತನಾ ಕೇಳಸ್ತದಲ್ರೀ," ಅಂದುಬಿಟ್ಟಳು.

ಅಪ್ಪ ಗಾಡಿ ಆಫ್ ಮಾಡಿದರು. ಮೆಟ್ಟಿಲ ಮೇಲೆ ಕೂತರು. ಬೆಳಿಗ್ಗೆಯ ಸಪ್ಪಳ ಹೇಗಿತ್ತು ಅಂತ ಕೇಳಿದರು. ಜೋರಾಗಿತ್ತು ಅಪ್ಪಾ, ಅಂದೆ. ಆಮೇಲೆ ಕಾಕಾನ ಕಡೆ ತಿರುಗಿ ಕೇಳಿದರು:

"ಮತ್ತ ಇಷ್ಟು ಮಂದಿ ಗಾಡಿ ಸೆಟ್ ಮಾಡಿ ಕೊಟ್ಟೇನಲ್ಲಾ ನಾನು? ಅವೂ ಹಿಂಗ ಇದ್ದವೇನು? ಯಾರೂ ಯಾಕ ಏನೂ ಅನ್ಲಿಲ್ಲ?"

ಕಾಕಾ ಅಪ್ಪನ ಪಕ್ಕದಲ್ಲಿ ಕೂತು, "ರಾಗಾವು ನಕಾ ಅಣ್ಣಾ," ಅಂದರು. ಸಿಟ್ಟಾಗಬೇಡಿ. ಆಮೇಲೆ ಹೇಳಿದರು. ಈಚೆಗೆ ಎಲ್ಲರೂ ಅಪ್ಪನ ಕೈಯಿಂದ ಗಾಡಿ ತೆಗೆದುಕೊಂಡು, ನಮಸ್ಕಾರ ಹೇಳಿ, ತಿರುವಿನಾಚೆಯ ಗ್ಯಾರೇಜಿನಲ್ಲಿ ನಿಲ್ಲಿಸಿ ಮತ್ತೆ ಸೆಟ್ ಮಾಡಿಸಿಕೊಂಡು ಹೋಗುತ್ತಿದ್ದರಂತೆ. ಕಾಕಾ ಕೂಡ. ಅಣ್ಣಾನ ಮನಸ್ಸಿಗೆ ನೋವಾಗಬಾರದು ಅಂತ.

ನೋವು ಮಾಡಬಾರದು ಅಂತ ಒಂದು ಗಲ್ಲಿಗೆ ಗಲ್ಲಿಯೇ ಸುಳ್ಳು ಹೇಳಿದರೆ, ಅದಕ್ಕೆ ಯಾರ ಮೇಲೆ ಸಿಟ್ಟಾಗಬೇಕು, ಹೇಳಿ?

ಅಪ್ಪ ದುಡಿದದ್ದು ರಾಂಜಣಗಾಂವದ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ. ತಗಡಿನ ಮೇಲೆ ಟನ್ನುಗಟ್ಟಲೆ ಭಾರ ಧಡ್ ಅಂತ ಬೀಳುವ ಜಾಗ. ಕಿವಿಗೆ ಇಟ್ಟುಕೊಳ್ಳಲು ಪ್ಲಗ್ ಕೊಡುತ್ತಿದ್ದರು. ಅಪ್ಪ ಅದನ್ನು ಜೇಬಲ್ಲಿ ಇಟ್ಟುಕೊಳ್ಳುತ್ತಿದ್ದರು. ಯಾಕೆ ಗೊತ್ತೇ? ಪ್ರೆಸ್ ಬೀಳುವ ಸದ್ದು ಒಂದಿಷ್ಟು ಬದಲಾದರೂ ಒಳಗೆ ತಗಡಿಗೆ ಆಕಾರ ಕೊಡುವ ಅಚ್ಚು, ಅಂದರೆ ಡೈ, ಬಿರುಕು ಬಿಟ್ಟಿದೆ ಅಂತ ಅವರಿಗೆ ತಿಳಿಯುತ್ತಿತ್ತು. "ಕಿವಿ ಮುಚ್ಕೊಂಡ ಮ್ಯಾಲೆ ನಾ ಯಾಕ ಬೇಕು ಅಲ್ಲಿ?" ಅನ್ನುತ್ತಿದ್ದರು. ಕಿವಿ ಚೆನ್ನಾಗಿದ್ದವರು ಅಂತಲೇ ಕಿವಿ ಕಳೆದುಕೊಂಡರು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಹಗಲು ಅಂಗಡಿಯಲ್ಲಿ ಬಿಲ್ಲು ಬರೆದು, ಸಂಜೆ ಕ್ಲಾಸಿನಲ್ಲಿ ಕೂತು ಬಿ.ಕಾಂ. ಮಾಡಿದೆ. ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ, ಕಷ್ಟಪಟ್ಟದ್ದು ನಾನೇ. ಅಪ್ಪ ಅದಕ್ಕಾಗಿ ಡಬಲ್ ಶಿಫ್ಟ್ ಮಾಡಿದ್ದೂ ಗೊತ್ತಿತ್ತು. ಶಿಫ್ಟ್ ಅಂದರೆ ಸಮಯ, ಸುಸ್ತು, ಸಂಬಳ ಅಂದುಕೊಂಡಿದ್ದೆ. ಅದರೊಳಗೆ ಸದ್ದೂ ಇರುತ್ತದೆ ಅಂತ ಯಾರು ಯೋಚಿಸುತ್ತಾರೆ?

ಡಾಕ್ಟರಿಗೆ ತೋರಿಸಿದೆವು. ದಪ್ಪ ಸದ್ದು ಕೇಳಿಸುತ್ತದೆ, ತೆಳು ಸದ್ದು ಹೋಗಿದೆ, ಹೋದದ್ದು ಬರುವುದಿಲ್ಲ, ಅಂದರು. ಕಿವಿಗೆ ಮಷೀನ್ ಹಾಕಿ ಕೊಟ್ಟರು. ಈಗ ಅಪ್ಪನಿಗೆ ಅವ್ವನ ಗೊಣಗಾಟ ಸರಿಯಾಗಿ ಕೇಳಿಸುತ್ತದೆ. (ಅವ್ವ ಗೊಣಗುವುದನ್ನು ಕಡಿಮೆ ಮಾಡಿದ್ದಾಳೆ.) ಆದರೆ ಗಾಡಿಯ ಮುಂದೆ ಹೋದರೆ ಮಷೀನ್ ಕಿತ್ತು ಅಂಗೈಯಲ್ಲಿ ಹಿಡಿದುಕೊಳ್ಳುತ್ತಾರೆ. "ಇದು ಗಾಡಿ ದನಿ ಅಲ್ಲವಾ. ಫೋನಿನ್ಯಾಗ ಕೇಳಿಸಿದಂಗ ಅದ."

ನಿನ್ನೆ ಸಂಜೆ ನನ್ನನ್ನು ಕರೆದರು. ಎಂಜಿನ್ ಹೊಸದಾಗಿ ಜೋಡಿಸಿದ್ದು, ನಾಲ್ಕು ದಿನ ಓಡಿದ ಮೇಲೆ ಟ್ಯಾಪೆಟ್ ಇನ್ನೊಮ್ಮೆ ನೋಡಬೇಕಂತೆ. ಅಪ್ಪ ಪಾನಾ ತಿರುಗಿಸುವುದು, ಕಿಕ್ ಹೊಡೆಯುವುದು. ನಾನು ಕೇಳುವುದು. ಅವರು ಎಂಜಿನ್ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು.

ಸರಿಯಾದ ಟಿಕ್ ಬಂತು. ಕೈ ಎತ್ತಿದೆ.

"ಹೆಂಗ ಅದ?"

"ಸಣ್ಣಗ ಅದ ಅಪ್ಪಾ."

"ಸಣ್ಣಗ ಅಂದ್ರ ಹೆಂಗ? ಹೇಳವಾ."

ಗಡಿಯಾರದ ಹಾಗೆ ಅನ್ನಲು ಹೋದೆ, ನುಂಗಿದೆ. ನಲ್ಲಿಯ ಹನಿ ಅನ್ನಲು ಹೋದೆ, ಅದನ್ನೂ ನುಂಗಿದೆ. ಅವೆಲ್ಲ ಅವರಿಗೆ ಎಂದೋ ನಿಂತುಹೋಗಿವೆ.

ಕೇಳಿಸದವರಿಗೆ ಒಂದು ಸಣ್ಣ ಸದ್ದನ್ನು ಯಾವ ಮಾತಿನಲ್ಲಿ ಹೇಳುತ್ತಾರೆ?